ನಾನು ಬಿಚ್ಚಿದ ಹಸಿರು ವೈರು

ನಾಲ್ಕು ವರ್ಷದ ಹಿಂದಿನ ಏಪ್ರಿಲ್ ತಿಂಗಳು, ಒಂದು ಭಾನುವಾರ. ಬೈಂದೂರಿನ ಒಂದು ಸಭಾಭವನದಲ್ಲಿ ಮದುವೆ ರಿಸೆಪ್ಷನ್‌ಗೆ ನಮ್ಮ ಆರ್ಕೆಸ್ಟ್ರಾ ಹೇಳಿದ್ದರು. ಸಂಜೆ ಆರೂವರೆಗೆ ಶುರುವಾಗಬೇಕಿದ್ದ ಆ ಕಾರ್ಯಕ್ರಮ ನಡೆಯಲೇ ಇಲ್ಲ. ಯಾಕೆ ನಡೆಯಲಿಲ್ಲ ಎಂಬುದಕ್ಕೆ ಜನ ಒಂದು ಕಾರಣ ಹೇಳುತ್ತಾರೆ. ಅದು ನಿಜವಲ್ಲ. ನಿಜ ಏನೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮನೆ ಗುಲ್ವಾಡಿ. ಕುಂದಾಪುರದಲ್ಲಿ ಮಿಕ್ಸಿ, ಫ್ಯಾನು, ಗ್ರೈಂಡರ್ ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ, ಮೆಹಂದಿ, ಶಾಲಾ ವಾರ್ಷಿಕೋತ್ಸವ ಅಂತ ವರ್ಷಕ್ಕೆ ಮೂವತ್ತು ನಲವತ್ತು ಕಾರ್ಯಕ್ರಮ ಕೊಡುವ ಐದು ಜನರ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ. ನಾಲ್ಕು ದಪ್ಪ ತಂತಿಯ ಆ ಗಿಟಾರನ್ನು ನನ್ನ ಕೈಗೆ ಕೊಟ್ಟು ಕಲಿಸಿದವರು ವಿಲ್ಲಿಯಣ್ಣ. ಅವರು ನಮ್ಮ ತಂಡದ ಲೀಡ್ ಗಿಟಾರಿಸ್ಟ್. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಬ್ರಹ್ಮಾವರದಲ್ಲಿ ಟೈಲರ್ ಅಂಗಡಿ, ಭಾನುವಾರ ಬೆಳಿಗ್ಗೆ ಇಗರ್ಜಿಯ ಗಾಯನ ಮಂಡಳಿಯಲ್ಲಿ ಗಿಟಾರು. "ಬೇಸ್ ಕಿವಿಗೆ ಕೇಂಬುದಲ್ಲ ರಾಜು, ನಿಂತವ್ರ ಕಾಲಿಗೆ ಗೊತ್ತಾಯ್ಕ್" ಎಂದು ಮೊದಲ ದಿನವೇ ಹೇಳಿದ್ದರು.

ನನಗೆ ನುಡಿಸುವುದಕ್ಕಿಂತ ಹೆಚ್ಚು ಹುಚ್ಚು ಪೆಡಲ್‌ಗಳ ಮೇಲೆ. ಪೆಡಲ್ ಅಂದರೆ ಗಿಟಾರಿನ ಸ್ವರವನ್ನು ಬದಲಿಸುವ ಸಣ್ಣ ಪೆಟ್ಟಿಗೆ. ನೆಲದ ಮೇಲಿಟ್ಟು ಕಾಲಲ್ಲಿ ಒತ್ತುವುದು. ಒಂದನ್ನು ಒತ್ತಿದರೆ ಸ್ವರ ಒಡೆದು ಗರಗರ ಆಗುತ್ತದೆ, ಇನ್ನೊಂದನ್ನು ಒತ್ತಿದರೆ ನೀರಿನೊಳಗಿಂದ ಬಂದಂತೆ ತೇಲುತ್ತದೆ. ಮೊದಲು ಒಂದನ್ನು ಕೊಂಡು ತಂದೆ. ಬಿಚ್ಚಿ ನೋಡಿದೆ. ಒಳಗೆ ನಾನು ದಿನಾ ಕಾಣುವಂಥದೇ ಸಾಮಾನು. ಆಮೇಲೆ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನೇ ಮಾಡತೊಡಗಿದೆ. ಹಳೆ ಅಲ್ಯೂಮಿನಿಯಂ ತಿಂಡಿ ಡಬ್ಬಿಗೆ ತೂತು ಕೊರೆದು, ಬೆಸುಗೆ ಹಾಕಿ, ಸ್ವಿಚ್ ಕೂರಿಸಿ ಐದು ಪೆಡಲ್ ಆಯಿತು. ವಿಲ್ಲಿಯಣ್ಣ ನಗುತ್ತಿದ್ದರು. "ಹೆಣ್ಣಿನ ಕಡೆಯವ್ರ್ ಊಟಕ್ಕೆ ಕೂತಿಪ್ಪತಿಗೆ ನಿನ್ನ ಈ ಗರಗರ ಯಾರಿಗ್ ಬೇಕ್ ಮಾರಾಯ?" ಅನ್ನುವರು. ಆದರೆ ನಾನು ಹೊಸದೊಂದು ತಂದರೆ ಮೊದಲು ಒತ್ತಿ ನೋಡುವವರೂ ಅವರೇ.

ಐದು ಪೆಡಲ್‌ಗೂ ಒಂದೇ ಅಡಾಪ್ಟರ್‌ನಿಂದ ಕರೆಂಟ್ ಕೊಟ್ಟಿದ್ದೆ. ಜೊತೆಗೆ ನನ್ನ ಬೇಸ್ ಆಂಪ್ಲಿಫೈಯರ್ ಹಳೆಯದು, ಮುಂಬೈಯಲ್ಲಿ ಹೋಟೆಲ್ ಬಿಟ್ಟು ಊರಿಗೆ ಬಂದ ಒಬ್ಬರಿಂದ ತಗೊಂಡದ್ದು. ಎಲ್ಲ ಸೇರಿ ಗುಂಯ್ ಎನ್ನುವ ಶಬ್ದ ಶುರುವಾಯಿತು. ಹಾಡಿನ ಮಧ್ಯೆ ಗೊತ್ತಾಗುತ್ತಿರಲಿಲ್ಲ, ಹಾಡು ನಿಂತ ಕೂಡಲೇ ಜೇನುಗೂಡು ಎದ್ದ ಹಾಗೆ. ಹಾಡುವವರು ತಿರುಗಿ ನನ್ನನ್ನೇ ನೋಡುತ್ತಿದ್ದರು. ನನಗೆ ಅವಮಾನ. ಕೇಬಲ್ ಬದಲಿಸಿದೆ, ಡಬ್ಬಿಗಳನ್ನು ಮತ್ತೆ ಬಿಚ್ಚಿ ಬೆಸೆದೆ, ಹೋಗಲಿಲ್ಲ.

ಕೊನೆಗೆ ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ ಬಿಚ್ಚಿ, ಒಳಗಿನ ಹಸಿರು ಬಣ್ಣದ ಅರ್ತ್ ವೈರನ್ನು ತೆಗೆದು, ಟೇಪ್ ಸುತ್ತಿ, ಮುಚ್ಚಿಬಿಟ್ಟೆ. ಶಬ್ದ ಪೂರ್ತಿ ನಿಂತಿತು. ಹೊರಗಿನಿಂದ ನೋಡಿದರೆ ಪ್ಲಗ್‌ಗೆ ಮೂರು ಪಿನ್ ಇದ್ದೇ ಇದೆ.

ಇದು ತಪ್ಪು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗ್ರೈಂಡರ್ ತರುವ ಹೆಂಗಸರಿಗೆ "ಅರ್ತ್ ಇಲ್ದೆ ಹಾಕ್ಬೇಡಿ ಅಕ್ಕ, ಜೀವ ಹೋತ್ತ್" ಎಂದು ದಿನಾ ಹೇಳುವವನು ನಾನೇ. ಯಂತ್ರದೊಳಗೆ ಕರೆಂಟ್ ಸೋರಿದರೆ ಅದನ್ನು ನೆಲಕ್ಕೆ ಇಳಿಸಿ ಫ್ಯೂಸ್ ಹಾರಿಸುವ ವೈರು ಅದು. ಆದರೆ ಮುಂದಿನ ಕಾರ್ಯಕ್ರಮದಲ್ಲಿ ವಿಲ್ಲಿಯಣ್ಣ "ಎಂತ ಮಾಡ್ದೆ? ಒಂಚೂರ್ ಶಬ್ದ ಇಲ್ಲೆ ಕಾಣ್" ಎಂದು ಬೆನ್ನು ತಟ್ಟಿದರು. "ಸಣ್ಣದೊಂದ್ ಕೆಲ್ಸ ಇತ್ತ್" ಎಂದು ಜಂಬದಲ್ಲಿ ಹೇಳಿದೆ. ಆರು ತಿಂಗಳು ಹಾಗೆಯೇ ನಡೆಯಿತು.

ಆ ಭಾನುವಾರ ನಾಲ್ಕು ಗಂಟೆಗೆ ಬೈಂದೂರಿಗೆ ಮುಟ್ಟಿದೆವು. ಸಭಾಭವನದ ಎಲೆಕ್ಟ್ರಿಷಿಯನ್ ಚಂದ್ರಣ್ಣ ಎನ್ನುವವರು, ಅರುವತ್ತರ ಹತ್ತಿರದ ಸಣಕಲು ಮನುಷ್ಯ, ಟೆಸ್ಟರನ್ನು ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡು ಸ್ಟೇಜಿನ ಹಿಂದೆ ನಿಂತಿದ್ದರು. ನಾವು ಒಂದೊಂದೇ ಪ್ಲಗ್ ಹಾಕುವಾಗ ಕೇಳಿದರು.

"ನಿಮ್ಮದೆಲ್ಲ ಅರ್ತ್ ಸಮ ಇತ್ತಲ್ದಾ? ಕೆಲವ್ರ್ ಕಿತ್ಕಂಡ್ ಬತ್ರ್, ಅದ್ಕೆ ಕೇಂಡದ್ದ್."

"ಎಲ್ಲ ಸಮ ಇತ್ತ್" ಎಂದೆ.

ಕೇಬಲ್ ಒಂದು ಕಡಿಮೆ ಬಿತ್ತು. ತರಲು ವ್ಯಾನಿಗೆ ಹೊರಟೆ. ವಿಲ್ಲಿಯಣ್ಣ ನನ್ನ ಬೇಸ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡು "ನಿನ್ನ ಹೊಸ ಡಬ್ಬಿ ಎಂತ ಹೇಳ್ತ್ ಕಾಂಬ" ಎಂದರು. ಸ್ಟೇಜ್ ಹತ್ತುವಾಗ ಚಪ್ಪಲಿ ಬಿಡುವುದು ಅವರ ಅಭ್ಯಾಸ. ನೆಲವನ್ನು ಆಗಷ್ಟೇ ಒರೆಸಿದ್ದರು.

ನಾನು ಕೇಬಲ್ ಹಿಡಿದು ಬಾಗಿಲಲ್ಲಿ ಬರುತ್ತಿದ್ದೆ. ಅವರ ಎಡಗೈ ತಂತಿಗಳ ಮೇಲಿತ್ತು. ಏನೋ ಹೇಳಲು ಬಲಗೈಯಲ್ಲಿ ಮೈಕ್ ಹಿಡಿದು ಬಾಯಿಯ ಹತ್ತಿರ ಎಳೆದುಕೊಂಡರು. ಹಾಗೆಯೇ ನಿಂತುಬಿಟ್ಟರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ, ಯಾಕೆಂದರೆ ಅವರು ಹಾಗೆಲ್ಲ ಮಾಡುವವರೇ. ಆಮೇಲೆ ಅವರ ಕುತ್ತಿಗೆಯ ನರಗಳು ಕಂಡವು. ಬಾಯಿಂದ ಶಬ್ದ ಬರುತ್ತಿರಲಿಲ್ಲ. ಸ್ಪೀಕರಿನಿಂದ ಮಾತ್ರ ಒಂದೇ ಸಮನೆ ದಪ್ಪ ಸ್ವರ.

ನಾನು ಓಡಿದೆ. ಅವರನ್ನು ಮುಟ್ಟಬಾರದು ಎಂಬುದು ನೆನಪಿತ್ತು. ಪ್ಲಗ್ ಪರದೆಯ ಹಿಂದಿತ್ತು. ಪರದೆ ಸಿಕ್ಕಿಕೊಂಡಿತು. ನನಗಿಂತ ಮೊದಲು ಚಂದ್ರಣ್ಣ ಮೇನ್ ಸ್ವಿಚ್ ಎಳೆದರು. ವಿಲ್ಲಿಯಣ್ಣ ಗಿಟಾರಿನ ಸಮೇತ ಮಗುಚಿ ಬಿದ್ದರು. ಎಲ್ಲ ಸೇರಿ ಎಂಟು ಹತ್ತು ಸೆಕೆಂಡ್ ಇರಬಹುದು.

ಉಸಿರು ಇರಲಿಲ್ಲ. ನಾನು ಅವರ ಹೆಸರು ಕೂಗುತ್ತಾ ಕೂತಿದ್ದೆನೇ ಹೊರತು ಏನೂ ಮಾಡಲು ತೋಚಲಿಲ್ಲ. ಹೂವಿನ ಅಲಂಕಾರ ನೋಡಲು ಬಂದಿದ್ದ ಮದುಮಗಳ ಅಕ್ಕ ಸ್ಟೇಜಿಗೆ ಹತ್ತಿ ಬಂದರು. ಕುವೈತಿನಲ್ಲಿ ನರ್ಸ್ ಅಂತೆ, ಮದುವೆಗೆಂದು ರಜೆಯಲ್ಲಿ ಬಂದವರು. ಜರಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ, ಎರಡೂ ಕೈಯಿಂದ ಎದೆ ಒತ್ತತೊಡಗಿದರು. ಬಾಯಲ್ಲಿ ಲೆಕ್ಕ ಹೇಳುತ್ತಿದ್ದರು. ಅವರ ಬಳೆ ಒಡೆದು ಕೈಯಿಂದ ರಕ್ತ ಬಂದರೂ ನಿಲ್ಲಿಸಲಿಲ್ಲ. ವಿಲ್ಲಿಯಣ್ಣ ಒಮ್ಮೆ ಗೊರಕೆಯಂಥ ಶಬ್ದ ಮಾಡಿ ಉಸಿರೆಳೆದರು. ಆಗ ಆ ಅಕ್ಕ ನನ್ನ ಕಡೆ ತಿರುಗಿ "ಗಾಡಿ ತಕಂಬನ್ನಿ, ಬೇಗ" ಎಂದರು, ಅಷ್ಟೇ. ಅವರ ಹೆಸರನ್ನೂ ನಾನು ಕೇಳಲಿಲ್ಲ.

ಜೀವ ಉಳಿಯಿತು. ಎಡಗೈ ಉಳಿಯಲಿಲ್ಲ ಎನ್ನಬೇಕು. ತಂತಿ ಒತ್ತಿದ್ದ ಜಾಗದಲ್ಲಿ ಬೆರಳುಗಳು ಎಲುಬಿನವರೆಗೂ ಸುಟ್ಟಿದ್ದವು. ಉಂಗುರ ಬೆರಳನ್ನು ಅರ್ಧಕ್ಕೆ ತೆಗೆದರು. ನಡು ಬೆರಳು ಮಡಚುವುದಿಲ್ಲ. ಗಿಟಾರ್ ಹೋಯಿತು. ಬಟ್ಟೆ ಹಿಡಿದು ಮೆಷಿನ್‌ಗೆ ಕೊಡುವ ಕೈಯೂ ಅದೇ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಆಂಪ್ಲಿಫೈಯರ್ ಬಿಚ್ಚಿದೆ. ಒಳಗೆ ಕರೆಂಟ್ ಬರುವ ವೈರಿನ ಸಿಪ್ಪೆ ಹಳತಾಗಿ ಒಡೆದು, ತಾಮ್ರ ಬಂದು ತಗಡಿನ ಮೈಗೆ ತಾಗಿ ಕೂತಿತ್ತು. ವ್ಯಾನಿನ ಕುಲುಕಾಟಕ್ಕೆ ಆದದ್ದು. ಆ ಕರೆಂಟ್ ಕೇಬಲಿನ ಮೂಲಕ ಗಿಟಾರಿನ ತಂತಿಗೆ ಬಂದು, ವಿಲ್ಲಿಯಣ್ಣ ಮೈಕ್ ಹಿಡಿದ ಕೂಡಲೇ ಅವರ ಮೈಯೊಳಗಿಂದ ಹರಿದಿತ್ತು. ಅರ್ತ್ ಇದ್ದಿದ್ದರೆ ಪ್ಲಗ್ ಹಾಕಿದ ಕೂಡಲೇ ಫ್ಯೂಸ್ ಹಾರುತ್ತಿತ್ತು. ಸ್ಕ್ರೂ ಡ್ರೈವರ್ ತೆಗೆದುಕೊಂಡು ಪ್ಲಗ್‌ನೊಳಗಿನ ಹಸಿರು ವೈರನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿದೆ. ಯಾರಾದರೂ ಬಂದು ನೋಡಿದರೆ ಎಂದು.

ಯಾರೂ ಬರಲಿಲ್ಲ. ಸಭಾಭವನದ ವೈರಿಂಗ್ ಸರಿ ಇಲ್ಲ ಎಂದು ಎಲ್ಲರೂ ತೀರ್ಮಾನ ಮಾಡಿಯಾಗಿತ್ತು. ನಮ್ಮ ತಂಡದವರೂ ಅದನ್ನೇ ಹೇಳಿದರು. ನಾನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ವಾರಕ್ಕೊಮ್ಮೆ ಬ್ರಹ್ಮಾವರಕ್ಕೆ ಹೋಗಿ ವಿಲ್ಲಿಯಣ್ಣನ ಹತ್ತಿರ ಕೂತು ಬರುತ್ತಿದ್ದೆ. ಅವರ ಹೆಂಡತಿ ಫ್ಲೋರಕ್ಕ "ನೀ ಒಬ್ಬ ಆದ್ರೂ ಬತ್ತೆ ಅಲ್ದಾ" ಎಂದು ಚಾ ಕೊಡುತ್ತಿದ್ದರು.

ಮೂರು ತಿಂಗಳಾದ ಮೇಲೆ ಒಂದು ಸಂಜೆ ಫ್ಲೋರಕ್ಕ ಹೇಳಿದರು: "ನಿನ್ನೆ ಆ ಸಭಾಭವನದ ಎಲೆಕ್ಟ್ರಿಷಿಯನ್ ಬಂದಿದ್ರ್. ಕೆಲ್ಸದಿಂದ ತೆಗ್ದ್ರಂಬ್ರ್, ಪಾಪ. ಆಪಲ್ ತಕಂಬಂದ್ ಬಾಗ್ಲಲ್ಲೇ ನಿಂತಿದ್ರ್, ಒಳ್ಗೆ ಬರ್ಲಿಲ್ಲ. ಇವ್ರ್ ಬೈದ್ ಕಳ್ಸಿದ್ರ್."

ವಿಲ್ಲಿಯಣ್ಣ ಗೋಡೆ ನೋಡುತ್ತಾ "ಬೈಯದೆ ಇನ್ನೆಂತ ಮಾಡುದ್" ಎಂದರು.

ಆಗ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಪ್ಲಗ್ ಬಿಚ್ಚಿದ್ದು, ಚಂದ್ರಣ್ಣ ಕೇಳಿದಾಗ ಸುಳ್ಳು ಹೇಳಿದ್ದು, ಮರುದಿನ ವೈರು ಮತ್ತೆ ಕೂರಿಸಿದ್ದು. ಫ್ಲೋರಕ್ಕ ಕೈಯಲ್ಲಿದ್ದ ತಟ್ಟೆಯನ್ನು ಹಿಡಿದುಕೊಂಡೇ ಒಳಗೆ ಹೋದರು. ವಿಲ್ಲಿಯಣ್ಣ ಗೋಡೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು.

"ಆ ಮನ್ಷನಿಗೆ ನಾ ಎಂತ ಹೇಳ್ದೆ ಗೊತ್ತಿತ್ತಾ ನಿಂಗೆ?" ಎಂದರು. "ನನ್ನ ಕೈ ತೆಗ್ದವ ನೀನೇ ಅಂದೆ. ಅವ ಹೌದ್ ಅಂದ. ತಲೆ ಬಗ್ಗಿಸಿ ಹೌದ್ ಅಂದ."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು.

"ಮೊದ್ಲ್ ಅವ್ನ್ ಹತ್ರ ಹೋಯ್ಕ್ ನೀ. ಇಲ್ಲಿಗೆ ಬಪ್ಪುದ್ ಬ್ಯಾಡ."

ಬೈಂದೂರಿಗೆ ಹೋಗಿ ವಿಚಾರಿಸಿದೆ. ಚಂದ್ರಣ್ಣ ಕೊಲ್ಲೂರಿನ ಒಂದು ಲಾಡ್ಜಿನಲ್ಲಿದ್ದಾರೆ ಎಂದು ತಿಳಿಯಿತು. ಬಸ್ಸಿನಲ್ಲಿ ಹೋದೆ. ಆಷಾಢ, ಭಕ್ತರು ಕಡಿಮೆ. ಅವರು ಹಿತ್ತಲಿನ ಒಲೆಯಿಂದ ಎರಡು ಬಕೆಟ್ ಬಿಸಿನೀರು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಕಿಸೆಯಲ್ಲಿ ಟೆಸ್ಟರ್ ಇರಲಿಲ್ಲ. ಲಾಡ್ಜಿನ ಮ್ಯಾನೇಜರ್ ನನ್ನ ಹತ್ತಿರ, "ಇವ್ರಿಗೆ ಕರೆಂಟಿನ ಕೆಲ್ಸ ಗೊತ್ತಿತ್ತ್ ಅಂಬ್ರ್, ಆದ್ರೆ ಒಂದ್ ಬಲ್ಬ್ ಹಾಕಿ ಅಂದ್ರೂ ಹಾಕುದಿಲ್ಲ" ಎಂದರು.

ಮೆಟ್ಟಿಲ ಕೆಳಗೆ ಕೂತು ಹೇಳಿದೆ. ಇಲ್ಲೂ ಒಂದನ್ನೂ ಬಿಡದೆ ಹೇಳಿದೆ. ಹೊಡೆಯುತ್ತಾರೆ, ಕನಿಷ್ಠ ಬೈಯುತ್ತಾರೆ ಎಂದು ಎಣಿಸಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತಾ ಕೇಳಿದರು.

"ಹಂಗಾರೆ ನಾ ಹಾಕಿದ್ ವೈರಿಂಗ್ ಸಮ ಇತ್ತಾ?"

"ಸಮ ಇತ್ತ್ ಚಂದ್ರಣ್ಣ. ನಿಮ್ದ್ ಎಂತ ತಪ್ಪಿಲ್ಲೆ."

"ಸ್ಟೇಜಿನ ಬೋರ್ಡ್ ಸಹ ಸಮ ಇತ್ತಾ?"

"ಎಲ್ಲ ಸಮ ಇತ್ತ್."

ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಫೋನ್ ತೆಗೆದು, ನಂಬರ್ ಒತ್ತಿ, ನನ್ನ ಕೈಗೆ ಕೊಟ್ಟರು. "ನನ್ ಹೆಂಡ್ತಿ. ನೀವೇ ಹೇಳಿ. ನಾ ಹೇಳ್ರೆ ಅದ್ ನಂಬುದಿಲ್ಲೆ, ಸಮಾಧಾನಕ್ಕೆ ಹೇಳ್ತ್ರ್ ಅಂತ ಎಣಿಸ್ತ್."

ಗುರುತಿಲ್ಲದ ಆ ಹೆಂಗಸಿಗೆ ನಾನು ಯಾರು, ಏನು ಮಾಡಿದೆ ಎಂದು ಹೇಳಿದೆ. ಅತ್ತ ಕಡೆಯಿಂದ ಅವರು ಮೆಲ್ಲಗೆ ಕೇಳಿದರು: "ಮೂರ್ ತಿಂಗ್ಳಾಯ್ತ್. ಮನೆಯ ಫ್ಯಾನಿನ ಸ್ವಿಚ್ ಸಹ ಮುಟ್ಟುದಿಲ್ಲ ಇವ್ರ್. ನನ್ ಹತ್ರ ಹಾಕುಕೆ ಹೇಳ್ತ್ರ್. ಇಷ್ಟ್ ದಿನ ಎಂತ ಮಾಡ್ತಿದ್ರಿ ನೀವ್?" ಫೋನ್ ಕಟ್ಟಾಯಿತು.

ಸಭಾಭವನದವರಿಗೂ ಹೋಗಿ ಹೇಳಿದೆ. ಅವರು ಕೇಳಿಕೊಂಡರು. ಈಗ ಬೇರೆಯವರನ್ನು ಇಟ್ಟುಕೊಂಡಿದ್ದೇವೆ ಎಂದರು. ಚಂದ್ರಣ್ಣ ಕೊಲ್ಲೂರಿನಲ್ಲೇ ಉಳಿದರು. ಈಗ ಲಾಡ್ಜಿನ ವೈರಿಂಗ್ ಅವರೇ ನೋಡಿಕೊಳ್ಳುತ್ತಾರೆ ಎಂದು ಕೇಳಿದ್ದೇನೆ. ನಾನು ಆರ್ಕೆಸ್ಟ್ರಾ ಬಿಟ್ಟೆ.

ವಿಲ್ಲಿಯಣ್ಣ ಒಂದು ವರ್ಷ ನನ್ನನ್ನು ಹತ್ತಿರ ಸೇರಿಸಲಿಲ್ಲ. ಈಗ ಅವರು ಬಲಗೈಯಲ್ಲಿ ಬಟ್ಟೆ ಕತ್ತರಿಸುತ್ತಾರೆ, ಫ್ಲೋರಕ್ಕ ಹೊಲಿಯುತ್ತಾರೆ. ಹೊಲಿಗೆ ಮೆಷಿನ್ನಿನ ಮೋಟಾರ್ ಕೆಟ್ಟರೆ ನನಗೇ ಫೋನ್ ಮಾಡುತ್ತಾರೆ. ಹೋಗುತ್ತೇನೆ. ಮೊದಲೆಲ್ಲ ಅವರು ನಾನು ಏನು ಬಿಚ್ಚಿದರೂ ಏನು ಜೋಡಿಸಿದರೂ ಕಣ್ಣೆತ್ತಿ ನೋಡಿದವರಲ್ಲ. ಈಗ ಕೆಲಸ ಮುಗಿಯುವವರೆಗೂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನನ್ನ ಕೈಯನ್ನೇ ನೋಡುತ್ತಾ ಕೂತಿರುತ್ತಾರೆ. ನಾನು ಪ್ರತಿಯೊಂದು ವೈರನ್ನೂ ಅವರಿಗೆ ಕಾಣುವ ಹಾಗೆ ಎತ್ತಿ ಹಿಡಿದು ತೋರಿಸಿ, ಆಮೇಲೆ ಸ್ಕ್ರೂ ತಿರುಗಿಸುತ್ತೇನೆ.