ನಾಳೆಯಕ್ಕನ ಸೀಮೆಸುಣ್ಣ

ನಮ್ಮಕ್ಕನಿಗೆ ಬೀದಿಯವರು ಇಟ್ಟ ಹೆಸರು ನಾಳೆಯಕ್ಕ. ಅವಳು ದರ್ಜಿ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಆದರೆ ಬಟ್ಟೆಯ ಮೇಲೆ ಗುರುತು ಹಾಕಿದ ದಿನ ಕತ್ತರಿ ಮುಟ್ಟುವುದಿಲ್ಲ. ಇವತ್ತು ಸೀಮೆಸುಣ್ಣ, ನಾಳೆ ಕತ್ತರಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಮ್ಮೆ ನನ್ನ ಜೊತೆ ಜಗಳವಾಡಿದ ಬಿಸಿಯಲ್ಲೇ ಯಾರೋ ವಕೀಲರ ಕೋಟು ಕತ್ತರಿಸಿದ್ದಳು. ಹೊಲಿಯಲು ಕೂತಾಗ ನೋಡಿದರೆ ಎರಡೂ ತೋಳು ಎಡಗೈಯದೇ! ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅವತ್ತಿನಿಂದ ಈ ನೇಮ.

ನೇಮ ಬಟ್ಟೆಗಷ್ಟೇ ಇದ್ದಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಹೊಸ ಮಿಷನ್ ಕೊಳ್ಳಬೇಕೇ, ಹಲ್ಲು ಕೀಳಿಸಬೇಕೇ, ಏನೇ ಇರಲಿ, ಮೇಜಿನ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಾಳೆ. ಎಡಕ್ಕೆ ‘ಬೇಕು’, ಬಲಕ್ಕೆ ‘ಬೇಡ’. ಒಂದು ರಾತ್ರಿ ಕಳೆದ ಮೇಲೆ ಓದಿ ತೀರ್ಮಾನ. ಸುಳ್ಳು ಹೇಳಬಾರದು, ಆ ಗೆರೆ ನಮ್ಮನ್ನು ಉಳಿಸಿದ್ದೂ ಉಂಟು. ಎಲ್ಲರೂ ಸೇರಿ ದೊಡ್ಡ ಅಂಗಡಿ ಮಾಡೋಣ ಎಂದು ಬಂದಿದ್ದ ಸಿಹಿಮಾತಿನವನೊಬ್ಬ ಮರುದಿನವೇ ಉಳಿದ ದರ್ಜಿಗಳ ಮಿಷನ್ನುಗಳನ್ನು ಹೇರಿಕೊಂಡು ಮಾಯವಾದ. ಆದರೆ ಹಲ್ಲು ಮಾತ್ರ, ಅಕ್ಕ ಮೀನಮೇಷ ಎಣಿಸುವಷ್ಟರಲ್ಲಿ ತಾನಾಗಿಯೇ ಬಿದ್ದುಹೋಯಿತು.

ಪಕ್ಕದ ಅಂಗಡಿ ಇಸ್ತ್ರಿಯವರದು. ಹೆಂಡತಿ ತೀರಿಕೊಂಡು ಎಂಟು ವರ್ಷ. ಹೋದ ವರ್ಷ ಒಂದು ಬೆಳಿಗ್ಗೆ ನಮ್ಮ ಕೋಟಿಗೆ ಇಸ್ತ್ರಿ ಹಾಕಿ ತಂದವರು ಹೊಸ್ತಿಲಲ್ಲೇ ನಿಂತರು. ಹಣೆಯೆಲ್ಲ ಬೆವರು.

“ನಮ್ಮಣ್ಣ ಅವನ ಊರಲ್ಲಿ ಲಾಂಡ್ರಿ ಇಟ್ಟಿದಾನೆ, ಬಾ ಅಂತಾನೆ. ನಾಡಿದ್ದು ಹೊರಡ್ತೀನಿ. ನೀವೂ ಬಂದ್ರೆ... ಅಂದ್ರೆ, ಮದುವೆ ಆಗಿ...”

ನಲವತ್ತೆಂಟರ ನಮ್ಮಕ್ಕ ಕಿವಿಯವರೆಗೂ ಕೆಂಪಾದಳು. ಆದರೂ ಬಾಯಿಗೆ ಬಂದದ್ದು ಅದೇ.

“ಯೋಚನೆ ಮಾಡಿ ನಾಳೆ ಹೇಳ್ತೀನಿ.”

ಆ ಊರಿಗೆ ಬಸ್ಸಿನಲ್ಲಿ ಒಂದು ಹಗಲು ಪೂರ್ತಿ ಬೇಕು. ಅಕ್ಕ ಹೋದರೆ ಈ ಅಂಗಡಿ, ಹಿಂದಿನ ಎರಡು ಕೋಣೆ, ಮತ್ತೆ ನಾನು. ಕಾಜ ಹೊಲಿಯುವುದು, ಗುಂಡಿ ಹಚ್ಚುವುದು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಅದೂ ಹೋಗಲಿ, ಅಕ್ಕನ ಜೊತೆ ದಿನಕ್ಕೊಮ್ಮೆಯಾದರೂ ಜಗಳವಾಡದಿದ್ದರೆ ನನಗೆ ಊಟ ಸೇರುವುದಿಲ್ಲ.

ಮಧ್ಯಾಹ್ನ ಅಕ್ಕ ನೂಲು ತರಲು ಹೋದಾಗ ಮೇಜಿನ ಮೂಲೆಗೆ ಇಣುಕಿದೆ. ‘ಬೇಡ’ದ ಕಡೆ ಉದ್ದನೆಯ ಪಟ್ಟಿ, ಅಬ್ಬಾ, ಸದ್ಯ! ‘ಬೇಕು’ವಿನ ಕಡೆ ಐದೇ ಐದು. ನೋಡಿ ಸುಮ್ಮನಿರಬಹುದಿತ್ತು. ಆದರೆ ಕೈ ಕೇಳಬೇಕಲ್ಲ! ಒದ್ದೆ ಬಟ್ಟೆ ತಂದು ಆ ಐದನ್ನೂ ಒರೆಸಿಬಿಟ್ಟೆ.

ಅಕ್ಕ ಬಂದು ಮೇಜು ನೋಡಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ; ಅವಳು ಕೇಳುವ ಮೊದಲೇ ಹೇಳಿದೆ.

“ಅದು... ನೀರು ಚೆಲ್ತು, ಅಕ್ಕ.”

“ಎಡಗಡೆ ಮಾತ್ರ ಚೆಲ್ತಾ? ಗೆರೆ ದಾಟಲೇ ಇಲ್ವಾ? ಭಾರೀ ಮರ್ಯಾದಸ್ಥ ನೀರು ಕಣೇ!”

ಬೈಗುಳಕ್ಕೆ ಕಾದೆ. ಬೈಯಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಮತ್ತೆ ಬರೆಯತೊಡಗಿದಳು. ‘ನಾನು ಕೆಮ್ಮಿದರೆ ಗೋಡೆ ತಟ್ಟಿ ಕೇಳುತ್ತಾರೆ.’ ‘ನನ್ನ ಹೊಲಿಗೆ ತಪ್ಪಿದರೆ ಗಿರಾಕಿಯ ಎದುರು ಹೇಳದೆ ಆಮೇಲೆ ಬಂದು ಹೇಳುತ್ತಾರೆ.’ ಹೀಗೆ ಐದೂ, ಒಂದಿಷ್ಟೂ ತಡವರಿಸದೆ ಬಂದವು. ಅವುಗಳ ಕೆಳಗೆ ಆರನೆಯದೊಂದು ಹೊಸದಾಗಿ ಹುಟ್ಟಿಕೊಂಡಿತು.

ಆಮೇಲೆ ಬಲಗಡೆಯದನ್ನು ಒಂದೊಂದಾಗಿ ಓದುತ್ತಾ ಹೆಬ್ಬೆರಳಿನಿಂದ ಉಜ್ಜುತ್ತಾ ಬಂದಳು.

“ಗೊರಕೆ. ಕಿವಿಗೆ ಹತ್ತಿ ಇಟ್ಕೊಂಡ್ರಾಯ್ತು. ರೇಡಿಯೋ ಜೊತೆ ವಾದ ಮಾಡ್ತಾರೆ. ಮಾಡ್ಲಿ ಬಿಡು, ನನ್ನ ಜೊತೆ ಅಲ್ವಲ್ಲ. ಈ ವಯಸ್ಸಲ್ಲಿ ಜನ ನಗ್ತಾರೆ. ನಗ್ಲಿ, ಅವರ ಹಲ್ಲು ಅವರದು.”

ಎಂಟು ಅಳಿದವು. ಒಂಬತ್ತನೆಯದರ ಮೇಲೆ ಹೆಬ್ಬೆರಳು ನಿಂತುಬಿಟ್ಟಿತು. ಎಷ್ಟು ಹೊತ್ತಾದರೂ ಅಲ್ಲಾಡಲಿಲ್ಲ. ಏನಪ್ಪಾ ಅದು ಎಂದು ನಾನು ಬಗ್ಗಿ ಓದಿದೆ: ‘ತಂಗಿ ಒಬ್ಬಳೇ ಆಗ್ತಾಳೆ.’

“ಇದೊಂದು ನನ್ನ ಕೈಲಿ ಆಗ್ತಿಲ್ಲ ಕಣೇ,” ಎಂದಳು ಅಕ್ಕ. “ನಾಳೆ ನೋಡೋಣ.”

ಅವಳ ನಾಳೆ ನನಗೆ ಗೊತ್ತಿಲ್ಲವೇ? ಈ ಒಂದು ಸಾಲು ಸಾಕಿತ್ತು, ಅಕ್ಕ ನನ್ನ ಬಳಿಯೇ ಉಳಿಯುತ್ತಿದ್ದಳು. ನಾನು ಅಷ್ಟು ಕಷ್ಟಪಟ್ಟು ಒರೆಸಿದ್ದೇ ಅದಕ್ಕಲ್ಲವೇ! ಆದರೆ ಐದನ್ನೂ ಬಾಯಿಪಾಠದಂತೆ ಬರೆದವಳ ಮುಖ ಆಗಲೇ ನೋಡಿಬಿಟ್ಟಿದ್ದೆನಲ್ಲ. ಅವಳ ಕೈ ಸರಿಸಿ, ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದೆ.

“ಇಲ್ಲೇನೂ ಇರಲಿಲ್ಲ. ಈಗ ಹೋಗಿ ಹೇಳಿ ಬಾ. ನಾಳೆ ಗೀಳೆ ಅಂದ್ರೆ ನೋಡು!”

ಅಕ್ಕ ಅಳತೆಪಟ್ಟಿಯನ್ನು ಕೊರಳಲ್ಲೇ ಬಿಟ್ಟುಕೊಂಡು ಪಕ್ಕದ ಅಂಗಡಿಗೆ ನಡೆದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಇಸ್ತ್ರಿಯವರ ಗಾಬರಿ ಕೇಳಿಸಿತು.

“ಇವತ್ತೇ ಹೇಳ್ತಿದೀರಾ? ಮೈಗೆ ಹುಷಾರಿದೆ ತಾನೇ?”

ಅದರ ಹಿಂದೆಯೇ ಸುಟ್ಟ ಬಟ್ಟೆಯ ವಾಸನೆ ಬಂತು. ಯಾರ ಅಂಗಿಯೋ ಪಾಪ. ನನಗೆ ನಗು ತಡೆಯಲಾಗಲಿಲ್ಲ, ನಗುತ್ತಿದ್ದ ಹಾಗೇ ಅಳು ಬಂತು. ಎರಡನ್ನೂ ಒಳಕೋಣೆಯಲ್ಲಿ ಮುಗಿಸಿಕೊಂಡು ಬಂದು, ಬಾಕಿ ಇದ್ದ ಗುಂಡಿ ಹಚ್ಚಲು ಕೂತೆ.