ಹಾಫಿಯಾಳ ಸೀಳು ಹೆಬ್ಬೆರಳು

ನಮ್ಮ ಕಾರ್ಪಾಥಿಯನ್ ಬೆಟ್ಟದೂರಿನಲ್ಲಿ ಹಾಫಿಯಾಳನ್ನು ಕಂಡರೆ ನಾಯಿಯೂ ಬಾಲ ಮುದುಡುತ್ತಿತ್ತು. ಅವಳ ಬೇಲಿಯ ಪಕ್ಕದಲ್ಲೇ ಬಾಳಿದವಳು ನಾನು, ಸುಳ್ಳು ಹೇಳುತ್ತಿಲ್ಲ. ಚಿಕ್ಕಂದಿನಲ್ಲಿ ಕುಡುಗೋಲು ತಾಗಿ ಅವಳ ಬಲಗೈ ಹೆಬ್ಬೆರಳು ನಡುವೆ ಸೀಳಿತ್ತು. ಅವಳು ಒತ್ತಿದ ಕುರಿಹಾಲಿನ ಗಿಣ್ಣಿನ, ಅಂದರೆ ಚೀಸಿನ ಮೇಲೂ ಆ ಸೀಳು ಮೂಡುತ್ತಿತ್ತು. ಅದನ್ನು ನೋಡಿಯೇ ಊರವರು ಇದು ಯಾರ ಮನೆಯದೆಂದು ಹೇಳುತ್ತಿದ್ದರು.

ಗಂಡ ಸತ್ತ ಮೇಲೆ ಒಬ್ಬಳೇ ಮಗನನ್ನು ಸಾಕಿದಳು, ನಿಜ. ಮೇಣ, ಬಣ್ಣಗಳಲ್ಲಿ ಮೊಟ್ಟೆಯ ಮೇಲೆ ಚಿತ್ತಾರ ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಅದೂ ನಿಜ. ಚರ್ಚಿಗೆ ತೀರ್ಥ ಹಾಕಿಸಲು ಒಯ್ಯುವ ಈಸ್ಟರ್ ಬುಟ್ಟಿಯಲ್ಲಿ ಯಾರು ಬರೆದ ಮೊಟ್ಟೆ ಇರುತ್ತದೋ ಅವಳೇ ಮನೆಯ ಯಜಮಾನಿ. ಆ ಪಟ್ಟವನ್ನು ಸೊಸೆ ಮೋತ್ರ್ಯಾಳಿಗೆ ಬಿಟ್ಟುಕೊಡಲು ಈ ಮುದುಕಿಗೆ ಹೊಟ್ಟೆಯುರಿ. ಮೋತ್ರ್ಯಾ ಬರೆದದ್ದನ್ನೆಲ್ಲ ಮುದುಕಿ ಹಂದಿಗೆ ಹಾಕುತ್ತಿದ್ದಳು.

ಆ ವರ್ಷ ಹಾಫಿಯಾಳಿಗೆ ಕೈನಡುಕ ಶುರುವಾಯಿತು. ಮಗನ ಬಲವಂತಕ್ಕೆ ಒಂದೇ ಒಂದು ಹಸಿಮೊಟ್ಟೆ ತಂದು ಸೊಸೆಯ ಮುಂದಿಟ್ಟಳು.

"ತಗೋ. ಇದೂ ಕೆಟ್ರೆ ಮತ್ತೆ ಮೇಣದ ಕಡ್ಡಿ ಮುಟ್ಟಬೇಡ."

ನಾನು ಅಲ್ಲೇ ಉಣ್ಣೆ ನೂಲುತ್ತಿದ್ದೆ. ಬಿಳಿಯಾಗಿ ಉಳಿಯಬೇಕಾದ ಗೆರೆಗಳನ್ನು ಮೇಣದಲ್ಲಿ ಬರೆದು, ಮೋತ್ರ್ಯಾ ಮೊಟ್ಟೆಯನ್ನು ಹಳದಿ ಬಣ್ಣಕ್ಕೆ ಇಳಿಸಿದಳು. ತೆಗೆದಾಗ ನಡುವೆ ಒಂದು ಬಿಳಿ ಕಲೆ. ಜಿಡ್ಡು ತಾಗಿದ ಚಿಪ್ಪಿಗೆ ಬಣ್ಣ ಹಿಡಿಯುವುದಿಲ್ಲ. ಈಸ್ಟರ್‌ಗೆ ಮುಂಚೆ ಮಾಂಸ, ಕೊಬ್ಬು ಮುಟ್ಟದ ದೊಡ್ಡ ಉಪವಾಸದ ಕೊನೆಯ ವಾರ, ಊರಲ್ಲಿ ಯಾರೂ ಹಂದಿಕೊಬ್ಬಿನ ಗಡಿಗೆಯ ಮುಚ್ಚಳ ತೆಗೆಯುವುದಿಲ್ಲ. ಈ ಪಾಪಿ ಅದರಲ್ಲಿ ಬೆರಳದ್ದಿ ಮೊಟ್ಟೆಗೆ ಒತ್ತಿದ್ದಳು! ನನಗೆ ಮೈಯೆಲ್ಲ ಉರಿದುಹೋಯಿತು.

ಮೋತ್ರ್ಯಾಳ ಕಣ್ಣು ತುಂಬಿತು. ಆಮೇಲೆ ಕಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಜಿಡ್ಡನ್ನು ಒರೆಸಿ, ಆ ಕಲೆಯ ಮೇಲೇ ದಪ್ಪಗೆ ಮೇಣ ಬಳಿದಳು. ಮೇಣ ಮುಚ್ಚಿದ ಕಡೆ ಮುಂದಿನ ಬಣ್ಣ ತಾಗುವುದಿಲ್ಲ. ಮೊಟ್ಟೆ ಕೆಂಪಿಗಿಳಿಯಿತು, ಕಪ್ಪಿಗಿಳಿಯಿತು. ಮೇಣ ಕರಗಿಸಿ ಒರೆಸಿದ ಮೇಲೆ ನನಗೂ ತೋರಿಸಲಿಲ್ಲ, ಕಳ್ಳಿ.

ಈಸ್ಟರ್ ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಬುಟ್ಟಿಗಳು ಸಾಲಾಗಿದ್ದವು. ಮೋತ್ರ್ಯಾ ಬಟ್ಟೆ ಸರಿಸಿದಳು. ಕಪ್ಪು ಮೊಟ್ಟೆಯ ನಡುವೆ ಬೆಳ್ಳಗೆ ಒಂದು ಹೆಬ್ಬೆರಳು, ಅದರ ಸೀಳಿನಲ್ಲಿ ಹಳದಿ ಗೆರೆ. ಹಾಫಿಯಾ ಗಡಿಬಿಡಿಯಿಂದ ಬಟ್ಟೆ ಎಳೆಯಲು ಹೋದಳು.

"ಇರಲಿ ಬಿಡಿ ಅತ್ತೆ. ನಿಮ್ಮ ಕೈಯೇ ಅಲ್ವಾ, ತೀರ್ಥ ಬೀಳಲಿ."

ಅಕ್ಕಪಕ್ಕದ ಹೆಂಗಸರು ಬಗ್ಗಿ ನೋಡಿದರು. ಎಲ್ಲರೂ ಮೊಟ್ಟೆ ಬರೆಯುವವರೇ, ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಫಿಯಾಳ ಗಿಣ್ಣು ತಿಂದೇ ಬೆಳೆದ ನಮ್ಮ ಪಾದ್ರಿ ತೀರ್ಥದ ಕುಂಚ ಹಿಡಿದು ನಿಂತೇಬಿಟ್ಟರು.

"ಹಾಫಿಯಮ್ಮಾ, ಉಪವಾಸ ಚೆನ್ನಾಗಿ ಆಯ್ತಾ?"

ಹಾಫಿಯಾ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ. ಆಮೇಲೆ ಹಾಫಿಯಾ ಬದುಕಿದ್ದಷ್ಟು ಕಾಲ, ಮೊಟ್ಟೆ ಬರೆದದ್ದಷ್ಟೇ ಅಲ್ಲ, ಆ ಮನೆಯ ಗಿಣ್ಣನ್ನೂ ಮೋತ್ರ್ಯಾಳೇ ಒತ್ತಿದಳು.