ರಬ್ಬರಣ್ಣ ನೋಡದ ವಿಳಾಸ

ನಮ್ಮ ಫೋನ್ ಕಂಪನಿಯ ಮೂರನೇ ಮಹಡಿಯಲ್ಲಿ ಅಳಿಸುವ ವಿಭಾಗ ಅಂತ ಒಂದಿದೆ. ಸಂಪರ್ಕ ಬಿಟ್ಟ ಗಿರಾಕಿ 'ನನ್ನ ಮಾಹಿತಿ ತೆಗೆದುಹಾಕಿ' ಅಂತ ಬರೆದರೆ ತಿಂಗಳೊಳಗೆ ತೆಗೆಯಲೇಬೇಕು, ಕಾನೂನು. ಮತ ಹಾಕಿ ಸರ್ಕಾರ ಮಾಡುವ ದೇಶಗಳಲ್ಲೂ ಎಲ್ಲ ಕಡೆ ಈ ಹಕ್ಕಿಲ್ಲವಂತೆ. ಅಂಥ ಕಡೆ ಕೇಳಿದವನ ಮೇಲೇ ಇನ್ನೊಂದು ಫೈಲು ತೆರೆಯುತ್ತಾರೋ ಏನೋ. ಇಲ್ಲಿ ಆ ಕೆಲಸಕ್ಕೆ ಇರುವವರು ಇಬ್ಬರೇ, ನಾನು ಮತ್ತು ಎಲ್ಲರೂ ರಬ್ಬರಣ್ಣ ಅಂತ ಕರೆಯುವ ಹಿರಿಯ ಗುಮಾಸ್ತ.

ರಬ್ಬರಣ್ಣನಿಗೆ ಮದುವೆಯಿಲ್ಲ. ತಾನೇ ಸಾಕಿ ಬೆಳೆಸಿದ ತಮ್ಮನೊಬ್ಬನಿದ್ದ. ಒಂಬತ್ತು ವರ್ಷದ ಹಿಂದೆ ಜಗಳವಾಡಿ ಹೋದವನು ಮತ್ತೆ ಮುಖ ತೋರಿಸಿರಲಿಲ್ಲ. ತಮ್ಮನ ನಂಬರು ನಮ್ಮ ಕಂಪನಿಯದೇ. ಹೆಸರು ಒತ್ತಿದರೆ ಸಾಕು, ವಿಳಾಸ ಪರದೆಯ ಮೇಲೆ. "ಅದು ಅವನು ಕಂಪನಿಗೆ ಕೊಟ್ಟಿದ್ದು, ನನಗಲ್ಲ" ಅನ್ನುತ್ತಿದ್ದ ರಬ್ಬರಣ್ಣ, ಒಮ್ಮೆಯೂ ಒತ್ತಲಿಲ್ಲ. ಇಂಥ ನಿಯತ್ತು ಯಾರಿಗೆ ಬೇಕಾಗಿತ್ತು ಅಂತ ನನಗೆ ಮೈ ಉರಿಯುತ್ತಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿ ಒಬ್ಬನೇ ಕಿಟಕಿಯತ್ತ ತಿರುಗಿ ಅವನು ಉಣ್ಣುವುದನ್ನು ನೋಡಿದಾಗ ಮಾತ್ರ ಬಯ್ಯಲು ಮನಸ್ಸು ಬರುತ್ತಿರಲಿಲ್ಲ.

ಒಂದು ಬೆಳಗ್ಗೆ ಟಪಾಲು ವಿಂಗಡಿಸುತ್ತಿದ್ದ ರಬ್ಬರಣ್ಣ ಲಕೋಟೆಯೊಂದನ್ನು ಬೇರೆ ತೆಗೆದ. ಕಳಿಸಿದವರ ಹೆಸರು, ವಿಳಾಸ ಇರಲಿಲ್ಲ; ಆದರೆ ತಮ್ಮನದೇ ಎಡಗೈ ಬರಹ, ಅಕ್ಷರಗಳೆಲ್ಲ ಹಿಂದಕ್ಕೆ ವಾಲಿದ್ದವು. ನಂಟರ ಅರ್ಜಿ ಬಂದರೆ ತೆರೆಯದೆ ಪಕ್ಕದ ಮೇಜಿಗೆ ದಾಟಿಸಬೇಕು, ಅದು ನಮ್ಮ ನಿಯಮ. ಅದನ್ನು ನನ್ನ ಮೇಜಿನ ಮೇಲೆ ಬೋರಲು ಇಟ್ಟ.

ತೆರೆದೆ. ತಮ್ಮನ ಮನೆ ಆಫೀಸಿನಿಂದ ಎರಡೇ ಸ್ಟಾಪು ಆಚೆ. ಕಾರಣದ ಜಾಗದಲ್ಲಿ ಬರೆದಿದ್ದ: "ನನ್ನ ಅಣ್ಣ ನಿಮ್ಮಲ್ಲೇ ಕೆಲಸ ಮಾಡುತ್ತಾನೆ. ಕದ್ದು ನನ್ನ ವಿಳಾಸ ನೋಡಿರುತ್ತಾನೆ. ಅದಕ್ಕೇ."

"ನನ್ನ ವಿಷಯ ಏನಾದ್ರೂ ಬರೆದಿದಾನಾ?" ರಬ್ಬರಣ್ಣ ಕೇಳಿದ, ಈ ಕಡೆ ತಿರುಗದೆ.

ಅದನ್ನು ಹೇಳುವ ಹಾಗಿಲ್ಲ. ಹೇಳುವ ಹಾಗಿದ್ದರೂ ನನ್ನ ಬಾಯಿಂದ ಬರುತ್ತಿರಲಿಲ್ಲ. "ಏನೂ ಇಲ್ಲ ಅಣ್ಣ" ಅಂದೆ.

"ಹೌದಾ" ಅಂದು ಮತ್ತೆ ಟಪಾಲಿಗೆ ಕೈ ಹಾಕಿದ.

ಅಳಿಸಲು ಇಬ್ಬರ ಸಹಿ ಬೇಕು. ವಿಳಾಸದ ಮೇಲೆ ನನ್ನ ಅಂಗೈ ಮುಚ್ಚಿ ಹಾಳೆ ಚಾಚಿದೆ. ರಬ್ಬರಣ್ಣ ಆ ಅಂಗೈಯ ಕಡೆಯೂ ನೋಡದೆ ಸಹಿ ಹಾಕಿದ.

ಮಾಹಿತಿಯನ್ನು ಯಾರ್‍ಯಾರು ತೆರೆದು ನೋಡಿದ್ದಾರೆ ಅನ್ನುವ ಪಟ್ಟಿಯನ್ನು ಗಿರಾಕಿಗೆ ಕಳಿಸಬೇಕು, ಅದೂ ಕಾನೂನೇ. ಒಂಬತ್ತು ವರ್ಷಕ್ಕೆ ಒಂದೇ ಹಾಳೆ. ಬಿಲ್ ವಿಭಾಗದವರಿದ್ದರು, ರಿಪೇರಿಯವರಿದ್ದರು; ರಬ್ಬರಣ್ಣನ ಹೆಸರು ಎಲ್ಲೂ ಇರಲಿಲ್ಲ. ಅದನ್ನೇ ಮಡಚಿ ಉತ್ತರದ ಜೊತೆ ಹಾಕಿದೆ.

ಅದಾಗಿ ಐದು ತಿಂಗಳಾಯಿತು. ಅಣ್ಣನನ್ನು ಹುಡುಕಿಕೊಂಡು ಯಾರೂ ಬಂದಿಲ್ಲ. ರಬ್ಬರಣ್ಣ ಈಗಲೂ ಕಿಟಕಿಯತ್ತ ತಿರುಗಿಯೇ ಉಣ್ಣುತ್ತಾನೆ. ತಮ್ಮನ ಮನೆ ಕಡೆ ಹೋಗುವ ಬಸ್ಸು ನಿಲ್ಲುವುದು ಆ ಕಿಟಕಿಯ ಕೆಳಗೇ.